ದೊಡ್ಡ ಕಾರಿನ ವರ್ಷದ ಸರ್ವಿಸ್: ಕಂಪನಿಯೋ, ನಮ್ಮ ಕೈಯೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಈ ಕಾಲದ ಗೃಹಸ್ಥರು ಅದಕ್ಕೆ ಮೂರನೆಯದೊಂದನ್ನು ಸೇರಿಸಿಕೊಳ್ಳಬಹುದು: ದೊಡ್ಡ ಕಾರು ಇಟ್ಟು ನೋಡು. ಕೊಂಡ ದಿನ ಪೂಜೆ, ಸಿಹಿ ಹಂಚಿಕೆ, ಫೋಟೋ ಎಲ್ಲವೂ ಆಗುತ್ತದೆ. ವರ್ಷ ತುಂಬುತ್ತಲೇ ಕಾರಿನ ಫಲಕದಲ್ಲಿ ಸರ್ವಿಸ್ ಸಮಯವಾಯಿತೆಂಬ ಸೂಚನೆ ಮೂಡುತ್ತದೆ. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು. ತಂದೆ "ಕಂಪನಿಗೇ ಬಿಡೋಣ" ಎನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿದ ಮಗ "ಆಯಿಲ್ ಬದಲಿಸೋದು ಏನು ಮಹಾ ಅಪ್ಪಾಜಿ, ಮನೆಯಲ್ಲೇ ಮಾಡೋಣ" ಎನ್ನುತ್ತಾನೆ. ತಾಯಿ "ಯಾರಾದರೂ ಮಾಡಲಿ, ನಡುದಾರಿಯಲ್ಲಿ ನಿಲ್ಲದಿದ್ದರೆ ಸಾಕು" ಎನ್ನುತ್ತಾರೆ. ಮೂವರ ಮಾತಿನಲ್ಲೂ ಸತ್ಯದ ಒಂದೊಂದು ಅಂಶವಿದೆ. ಅನೇಕಾಂತವನ್ನು ನಂಬಿದ ನಾವು ಯಾವುದನ್ನೂ ತಳ್ಳಿಹಾಕದೆ, ಯಾವ ಕೆಲಸಕ್ಕೆ ಯಾರ ಮಾತು ಸರಿ ಎಂದು ವಿಂಗಡಿಸಿ ನೋಡುವುದು ಒಳ್ಳೆಯದು.

ನಾವಿರುವ ಮಡತ್ತುಕುಳಂ ಊರು ಉಡುಮಲಪೇಟೆಗೂ ಪಳನಿಗೂ ನಡುವೆ, ಅಮರಾವತಿ ನದಿಯ ಸೀಮೆಯಲ್ಲಿದೆ. ಹಿಂದೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 2009ರಿಂದ ತಿರುಪ್ಪೂರು ಜಿಲ್ಲೆಯಲ್ಲಿದೆ. ಬನಿಯನ್ ವ್ಯಾಪಾರ, ತೆಂಗಿನ ತೋಟಗಳ ಈ ಸೀಮೆಯಲ್ಲಿ ಬೆಂಜ್, ಬಿಎಂಡಬ್ಲ್ಯು, ಆಡಿ ಕಾರುಗಳು ಈಗ ಅಪರೂಪವಲ್ಲ. ಆದರೆ ಅವುಗಳ ಕಂಪನಿ ವರ್ಕ್‌ಶಾಪು ಬೇಕೆಂದರೆ ನಮಗೆ ಕೊಯಮತ್ತೂರೇ ಗತಿ. ಹೋಗುವ ದಾರಿ ಸುಮಾರು 80 ಕಿ.ಮೀ., ಬರುವ ದಾರಿ ಅಷ್ಟೇ. ಒಂದು ದಿನದ ವ್ಯಾಪಾರ ಬಿಟ್ಟು ಹೋಗಬೇಕು. ಆದ್ದರಿಂದಲೇ ಈ ಪ್ರಶ್ನೆ ದೊಡ್ಡ ನಗರದವರಿಗಿಂತ ನಮ್ಮಂಥ ಊರಿನವರಿಗೆ ಹೆಚ್ಚು ಕಾಡುತ್ತದೆ.

ಈ ರಸ್ತೆಯ ಹಳೆಯ ಪಾಠ

ಯಂತ್ರವನ್ನು ತಾನೇ ನೋಡಿಕೊಳ್ಳುವ ವಿಷಯದಲ್ಲಿ ಈ ರಸ್ತೆಗೆ ದೊಡ್ಡ ಇತಿಹಾಸವಿದೆ. ಕೊಯಮತ್ತೂರಿನ ಪ್ರಸಿದ್ಧ ಜಿ. ಡಿ. ನಾಯ್ಡು ಅವರು (1893-1974) 1920ರಲ್ಲಿ ತಮ್ಮ ಮೊದಲ ಬಸ್ಸನ್ನು ಓಡಿಸಿದ್ದು ಪೊಳ್ಳಾಚಿ ಮತ್ತು ಪಳನಿಯ ನಡುವೆ. ತರುಣರಾಗಿದ್ದಾಗ ಅವರು ಬ್ರಿಟಿಷ್ ಅಧಿಕಾರಿಯೊಬ್ಬನ ಮೋಟಾರ್ ಸೈಕಲ್ ನೋಡಿ ಬೆರಗಾದರು. ಹೋಟೆಲಿನಲ್ಲಿ ಮಾಣಿಯಾಗಿ ದುಡಿದು 300 ರೂಪಾಯಿ ಕೂಡಿಸಿ ಅದನ್ನೇ ಕೊಂಡರು, ಬಿಚ್ಚಿ ಜೋಡಿಸಿ ಅದರ ಮರ್ಮ ಕಲಿತರು. ಮುಂದೆ ಅವರ ಯೂನಿವರ್ಸಲ್ ಮೋಟಾರ್ ಸರ್ವಿಸ್ ದೊಡ್ಡ ಸಂಸ್ಥೆಯಾಯಿತು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಅವರ ಹೆಸರಿನ ಸಂಸ್ಥೆಯವರು ನಡೆಸುವ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಬೇಕು.

ಆದರೆ ಆಗಿನ ಮೋಟಾರಿನಲ್ಲಿ ಇದ್ದುದೆಲ್ಲ ಕಣ್ಣಿಗೆ ಕಾಣುವ ಕಬ್ಬಿಣ. ಇಂದಿನ ದೊಡ್ಡ ಕಾರಿನಲ್ಲಿ ಎಂಜಿನ್, ಗೇರ್, ಬ್ರೇಕ್, ಸೀಟು, ದೀಪ ಎಲ್ಲಕ್ಕೂ ಬೇರೆ ಬೇರೆ ಕಂಪ್ಯೂಟರ್ ಇರುತ್ತದೆ. ಸ್ಪ್ಯಾನರ್ ಹಿಡಿದವನಿಗೆ ಅದರ ಒಳಮಾತು ಕೇಳಿಸುವುದಿಲ್ಲ. ಹೀಗಾಗಿ ನಾಯ್ಡು ಅವರಿಂದ ನಾವು ಕಲಿಯಬೇಕಾದುದು ಎಲ್ಲವನ್ನೂ ಬಿಚ್ಚುವ ಧೈರ್ಯವನ್ನಲ್ಲ, ತನ್ನ ಯಂತ್ರವನ್ನು ತಾನು ತಿಳಿದುಕೊಳ್ಳುವ ಶ್ರದ್ಧೆಯನ್ನು.

ಪಕ್ಷ, ಚಾತುರ್ಮಾಸ, ಸಂವತ್ಸರ

ನಮ್ಮ ಧರ್ಮದಲ್ಲಿ ಪ್ರತಿಕ್ರಮಣಕ್ಕೆ ಕಾಲ ನಿಗದಿಯಾಗಿದೆ. ದಿನಕ್ಕೊಂದು, ಪಕ್ಷಕ್ಕೊಂದು, ನಾಲ್ಕು ತಿಂಗಳಿಗೊಂದು, ವರ್ಷಕ್ಕೊಂದು. ದೋಷ ಕಂಡ ಮೇಲೆ ಎಚ್ಚರಾಗುವುದಲ್ಲ, ದೋಷ ಇರಲಿ ಬಿಡಲಿ ಗೊತ್ತಾದ ಹೊತ್ತಿಗೆ ಕುಳಿತು ಪರಿಶೀಲಿಸುವುದು ಅದರ ರೀತಿ. ಆತ್ಮದ ವಿಷಯವನ್ನು ಕಾರಿನ ಜೊತೆ ತೂಗುವ ಉದ್ಧಟತನ ನಮಗಿಲ್ಲ. ನೆನಪಿಟ್ಟುಕೊಳ್ಳಲು ಈ ಕ್ರಮ ಬಹಳ ಅನುಕೂಲ ಎಂಬಷ್ಟಕ್ಕೆ ಹೇಳುತ್ತಿದ್ದೇವೆ.

ಹದಿನೈದು ದಿನಕ್ಕೊಮ್ಮೆ ಮನೆಯವರೇ ನೋಡಬೇಕಾದವು: ಟಯರುಗಳ ಗಾಳಿ, ಎಂಜಿನ್ ಆಯಿಲ್ ಮಟ್ಟ, ಕೂಲಂಟ್ ಮಟ್ಟ, ಗಾಜು ತೊಳೆಯುವ ನೀರು, ಎಲ್ಲ ದೀಪಗಳು, ಕಾರು ನಿಂತ ಜಾಗದಲ್ಲಿ ಎಣ್ಣೆಯ ಹನಿ. ಗಾಳಿಯನ್ನು ಕಾರು ಓಡುವ ಮೊದಲು, ಟಯರು ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲೆ ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುತ್ತದೆ. ಹಲವು ಹೊಸ ಕಾರುಗಳಲ್ಲಿ ಆಯಿಲ್ ನೋಡುವ ಕಡ್ಡಿಯೇ ಇಲ್ಲ, ಫಲಕದಲ್ಲೇ ಮಟ್ಟ ನೋಡಬೇಕು. ಕೂಲಂಟ್ ಮುಚ್ಚಳವನ್ನು ಎಂಜಿನ್ ಬಿಸಿಯಿರುವಾಗ ಎಂದಿಗೂ ತೆರೆಯಬಾರದು. ಮುಖ, ಕೈ ಸುಟ್ಟುಹೋಗುತ್ತದೆ. ಇಷ್ಟೆಲ್ಲಕ್ಕೆ ಹಿಡಿಯುವ ಸಮಯ ಹದಿನೈದು ನಿಮಿಷ, ಖರ್ಚು ಶೂನ್ಯ. ಮನೆಯ ಹೆಣ್ಣುಮಕ್ಕಳೂ ಇದನ್ನು ಕಲಿತಿರಬೇಕು.

ನಾಲ್ಕು ತಿಂಗಳಿಗೊಮ್ಮೆ ನೋಡುವುದಕ್ಕೆ ಆಷಾಢ, ಕಾರ್ತಿಕ, ಫಾಲ್ಗುಣದ ಅಷ್ಟಾಹ್ನಿಕ ಪರ್ವಗಳನ್ನೇ ಗುರುತಾಗಿ ಇಟ್ಟುಕೊಳ್ಳಬಹುದು. ಟಯರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನಂತೆಯೂ ಅದು ರಸ್ತೆಗೆ ಯೋಗ್ಯವಲ್ಲ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ವೈಪರ್ ರಬ್ಬರು, ಬ್ಯಾಟರಿಯ ತುದಿಗಳು, ಎಂಜಿನ್ನಿನ ಏರ್ ಫಿಲ್ಟರ್, ಒಳಗಿನ ಎ.ಸಿ. ಫಿಲ್ಟರ್ ಇವನ್ನೂ ಆಗ ನೋಡಬೇಕು. ನಮ್ಮ ಭಾಗದಲ್ಲಿ ಪಾಲಕ್ಕಾಡಿನ ಕಣಿವೆಯಿಂದ ಬೀಸುವ ಗಾಳಿಗೆ ಗಾಳಿಯಂತ್ರಗಳೇ ಸಾಲುಸಾಲಾಗಿ ನಿಂತಿವೆ. ಅಷ್ಟು ಗಾಳಿ ಇರುವಲ್ಲಿ ಧೂಳೂ ಇರುತ್ತದೆ, ಫಿಲ್ಟರುಗಳು ಬೇಗ ಕಟ್ಟುತ್ತವೆ. ಬಹಳಷ್ಟು ಕಾರುಗಳಲ್ಲಿ ಈ ಎರಡು ಫಿಲ್ಟರು ಮತ್ತು ವೈಪರುಗಳನ್ನು ಮನೆಯಲ್ಲೇ ಬದಲಿಸಬಹುದು. ಮಗನ ಉತ್ಸಾಹಕ್ಕೆ ಇದು ಸರಿಯಾದ ಜಾಗ.

ವರ್ಷಕ್ಕೊಮ್ಮೆ ಬರುವುದು ಮುಖ್ಯ ಸರ್ವಿಸ್. ಬೆಂಜ್ ಕಾರುಗಳಿಗೆ ಸಾಮಾನ್ಯವಾಗಿ 15,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬಿಎಂಡಬ್ಲ್ಯು ಕಾರು ತನ್ನ ಓಟವನ್ನೂ ಸೆನ್ಸರುಗಳ ಲೆಕ್ಕವನ್ನೂ ನೋಡಿ ಒಂದೊಂದು ಭಾಗಕ್ಕೂ ಬೇರೆ ಬೇರೆ ದಿನ ತಿಳಿಸುತ್ತದೆ. ಯಾವ ಕಾರಾದರೂ ಅದರ ಜೊತೆ ಬಂದ ಪುಸ್ತಕವೇ ಪ್ರಮಾಣ. 'ವರ್ಷದಲ್ಲಿ ನಾಲ್ಕೇ ಸಾವಿರ ಕಿ.ಮೀ. ಓಡಿದೆ, ಆಯಿಲ್ ಯಾಕೆ ಬದಲಿಸಬೇಕು' ಎಂದು ಕೆಲವರು ಕೇಳುತ್ತಾರೆ. ನಿಂತ ಕಾರಿನಲ್ಲೂ ಆಯಿಲ್ ಹಳೆಯದಾಗುತ್ತದೆ. ಸ್ವಲ್ಪ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದರೆ ಅದರಲ್ಲಿ ನೀರಿನ ಪಸೆ, ಇಂಧನದ ಅಂಶ ಸೇರುತ್ತದೆ. ಆದ್ದರಿಂದ ಓಡದಿದ್ದರೂ ದಿನಾಂಕ ತಪ್ಪಿಸಬಾರದು.

ಮನೆಯಲ್ಲಿ ಮುಟ್ಟಬಾರದವು

ಮೊದಲನೆಯದು ಕಾರಿನ ಅಡಿಭಾಗ. ಸ್ಟೆಪ್ನಿ ಹಾಕುವ ಜಾಕಿಯ ಮೇಲೆ ಕಾರು ಎತ್ತಿ ಕೆಳಗೆ ನುಸುಳುವುದು ಪ್ರಾಣಕ್ಕೆ ಸಂಚಕಾರ. ಎರಡು ಟನ್ ತೂಕದ ಕಾರು ಜಾರಿದರೆ ಕೂಗಲೂ ಸಮಯವಿರುವುದಿಲ್ಲ. ಎರಡನೆಯದು ಬ್ರೇಕು. ಈಗಿನ ಹ್ಯಾಂಡ್ ಬ್ರೇಕು ಮೋಟಾರಿನಿಂದ ನಡೆಯುತ್ತದೆ. ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವ ಮುನ್ನ ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು, ಬಲವಂತವಾಗಿ ಒತ್ತಿದರೆ ಭಾಗವೇ ಕೆಡುತ್ತದೆ. 2000ದ ದಶಕದ ಕೆಲವು ಬೆಂಜ್ ಕಾರುಗಳಲ್ಲಿ ಬ್ರೇಕು ತಾನಾಗಿ ಒತ್ತಿಕೊಂಡು ಬೆರಳು ಜಜ್ಜುವ ಅಪಾಯವೂ ಇತ್ತು.

ಬ್ಯಾಟರಿ ಬದಲಿಸುವುದು ಸುಲಭವೆಂದು ಕಾಣುತ್ತದೆ. ಆದರೆ ಬಿಎಂಡಬ್ಲ್ಯುವಿನಂಥ ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆಯೆಂದು ಕಂಪ್ಯೂಟರಿಗೆ ದಾಖಲಿಸಬೇಕು. ಇಲ್ಲವಾದರೆ ಅದು ಹಳೆಯ ಬ್ಯಾಟರಿಗೆ ಕೊಡುತ್ತಿದ್ದಂತೆಯೇ ಚಾರ್ಜ್ ಕೊಟ್ಟು ಹೊಸದರ ಆಯುಷ್ಯ ಕಡಿಮೆ ಮಾಡುತ್ತದೆ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳನ್ನಂತೂ ಯಾರೂ ಮುಟ್ಟಬಾರದು. ಅವುಗಳಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು.

ಎಂಜಿನ್ ಆಯಿಲ್‌ನಲ್ಲೂ ಸೂಕ್ಷ್ಮವಿದೆ. ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಬೆಂಜ್‌ಗೆ ಎಂಬಿ 229.5 ಅಥವಾ 229.51, ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-04, ಆಡಿಗೆ 504 00 / 507 00 ಎಂದು ಮುಂತಾಗಿ ಕಾರಿನ ಮಾದರಿಗೆ ತಕ್ಕ ಅನುಮೋದನೆಯ ಸಂಖ್ಯೆ ಇರಬೇಕು. ಹೊಗೆಯ ಮಸಿ ತಡೆಯುವ ಫಿಲ್ಟರ್ ಇರುವ ಡೀಸೆಲ್ ಕಾರಿಗೆ ಬೂದಿ ಕಡಿಮೆ ಇರುವ ಆಯಿಲ್ಲೇ ಬೇಕು. ಸಾಮಾನ್ಯ ಆಯಿಲ್ ಹಾಕಿದರೆ ಅದರ ಬೂದಿ ಆ ದುಬಾರಿ ಫಿಲ್ಟರನ್ನು ಕಟ್ಟಿಹಾಕುತ್ತದೆ. ನೂರು ಉಳಿಸಲು ಹೋಗಿ ಲಕ್ಷ ಕಳೆಯುವುದೆಂದರೆ ಇದೇ.

ಘಾಟಿಯಲ್ಲಿ ಕಲಿತದ್ದು

ನಮ್ಮ ಪರಿಚಿತ ಕುಟುಂಬವೊಂದು ಮುನ್ನಾರಿಗೆ ಹೋಗಿ ಮರೆಯೂರು, ಚಿನ್ನಾರ್ ಮಾರ್ಗವಾಗಿ ಉಡುಮಲಪೇಟೆಯ ಕಡೆಗೆ ಇಳಿಯುತ್ತಿತ್ತು. ಏಳು ವರ್ಷದ ಜರ್ಮನ್ ಕಾರು, ಒಳಗೆ ಮೂರು ತಲೆಮಾರು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡು ಇಳಿದ ಮೇಲೆ ಒಂದು ತಿರುವಿನಲ್ಲಿ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಪುಣ್ಯವಶಾತ್ ಗೇರ್ ಇಳಿಸಿ, ಬೆಟ್ಟದ ಬದಿಗೆ ಕಾರನ್ನು ತಂದು ನಿಲ್ಲಿಸಿದರು. ಅರ್ಧ ಗಂಟೆ ತಣಿದ ಮೇಲೆ ಬ್ರೇಕ್ ಮರಳಿ ಬಂತು. ಊರಿಗೆ ಬಂದು ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದರೆ, ಕಂಪನಿಗೆ ಹೋಗುವುದನ್ನು ಬಿಟ್ಟ ಮೇಲೆ ಊರಿನ ಗ್ಯಾರೇಜಿನಲ್ಲಿ ವರ್ಷವರ್ಷ ಎಂಜಿನ್ ಆಯಿಲ್ ತಪ್ಪದೆ ಬದಲಿಸಿದ್ದಾರೆ. ಬ್ರೇಕ್ ಆಯಿಲ್ ಮಾತ್ರ ನಾಲ್ಕು ವರ್ಷದಿಂದ ಬದಲಾಗಿಲ್ಲ. ಮೆಕ್ಯಾನಿಕ್ ಹೇಳಲಿಲ್ಲ, ಇವರು ಕೇಳಲಿಲ್ಲ.

ಕಾರಣ ಸರಳ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಶೇ. 3.7ರಷ್ಟು ನೀರು ಸೇರಿದಾಗ ಅದೇ ದರ್ಜೆಗೆ ನಿಗದಿಯಾದ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಘಾಟಿಯಲ್ಲಿ ಬ್ರೇಕ್ ಕಾದಾಗ ಒಳಗೆ ಆವಿ ಏಳುತ್ತದೆ. ದ್ರವದಂತೆ ಆವಿ ಒತ್ತಡವನ್ನು ಮುಂದಕ್ಕೆ ದಾಟಿಸುವುದಿಲ್ಲ, ತಾನೇ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದಲೇ ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಹೇಳುತ್ತವೆ. ಯಾರ ಕೈಯಲ್ಲಿ ಸರ್ವಿಸ್ ಆಯಿತು ಎಂಬುದು ಇಲ್ಲಿ ಮುಖ್ಯವಾಗಲಿಲ್ಲ. ಏನು ಆಗಿದೆ, ಏನು ಬಾಕಿ ಇದೆ ಎಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ವ್ಯಾಪಾರದಲ್ಲಿ ಒಂದು ಪೈಸೆ ಬಾಕಿಯನ್ನೂ ಮರೆಯದ ನಮ್ಮ ಜನ, ಹೆಂಡತಿ ಮಕ್ಕಳು ಕೂರುವ ಕಾರಿನ ಬಾಕಿಯನ್ನು ಮರೆಯಬಹುದೇ?

ವಾರಂಟಿಯೂ ಕಾನೂನೂ

ವಾರಂಟಿ ಇರುವವರೆಗೆ, ಅಂದರೆ ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ, ವರ್ಷದ ಸರ್ವಿಸನ್ನು ಕಂಪನಿಯಲ್ಲೇ ಮಾಡಿಸುವುದು ಜಾಣತನ ಎಂಬುದು ನಮ್ಮ ಅಭಿಪ್ರಾಯ. ಗೇರ್‌ಬಾಕ್ಸಿನಂಥ ದೊಡ್ಡ ಭಾಗ ಕೆಟ್ಟರೆ ಖರ್ಚು ಅವರದು. ಕಂಪ್ಯೂಟರಿನ ಹೊಸ ತಿದ್ದುಪಡಿಗಳನ್ನು ಅಲ್ಲಿ ಹಾಕುತ್ತಾರೆ. ಮುಂದೆ ಮಾರುವಾಗಲೂ ಕಂಪನಿಯ ದಾಖಲೆ ಇರುವ ಕಾರಿಗೆ ಬೆಲೆ ಹೆಚ್ಚು.

ಹಾಗೆಂದು ಹೊರಗಿನ ಗ್ಯಾರೇಜಿಗೆ ಕಾಲಿಟ್ಟರೆ ಎಲ್ಲ ಹಕ್ಕೂ ಹೋಯಿತೆಂದು ಹೆದರಬೇಕಿಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು ಬೆಂಜ್, ಬಿಎಂಡಬ್ಲ್ಯು ಸೇರಿದಂತೆ 14 ಕಾರು ತಯಾರಕರಿಗೆ ಒಟ್ಟು ರೂ. 2,544.65 ಕೋಟಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ತಮ್ಮ ಡೀಲರುಗಳಿಗಷ್ಟೇ ಸೀಮಿತಗೊಳಿಸಿದ್ದು ತಪ್ಪು ಎಂದಿತು. ಗಿರಾಕಿ ಹೊರಗೆ ಸರ್ವಿಸ್ ಮಾಡಿಸಿದನೆಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದೆಂದೂ ಹೇಳಿತು. ಆದೇಶ ಮುಂದೆ ಮೇಲ್ಮನವಿಗಳಿಗೆ ಹೋಯಿತು. ಆದರೆ ಗಿರಾಕಿಗೂ ಹಕ್ಕಿದೆ ಎಂಬ ಮಾತು ಬೇರೂರಿತು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 'ದುರಸ್ತಿಯ ಹಕ್ಕು' ಪೋರ್ಟಲನ್ನು ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಆದರೂ ಹೊರಗಿನವರ ಕೆಟ್ಟ ಕೆಲಸದಿಂದಲೇ ಭಾಗ ಹಾಳಾದರೆ ಕಂಪನಿ ಹೊಣೆಯಲ್ಲ. ಬಿಲ್ಲು, ಭಾಗದ ಸಂಖ್ಯೆ, ದಿನಾಂಕ ನಮ್ಮ ಕೈಯಲ್ಲಿದ್ದರೆ ಮಾತ್ರ ವಾದಕ್ಕೆ ಬಲ.

ವಾರಂಟಿ ಮುಗಿದ ಮೇಲೆ ಅದೇ ಜಾತಿಯ ಕಾರುಗಳನ್ನೇ ನೋಡುವ, ಅದರ ಕಂಪ್ಯೂಟರ್ ಯಂತ್ರ ಇಟ್ಟುಕೊಂಡಿರುವ ಒಳ್ಳೆಯ ಗ್ಯಾರೇಜು ಸಿಕ್ಕರೆ ಕೂಲಿಯಲ್ಲಿ ಉಳಿತಾಯವಿದೆ. ಗೇರ್‌ಬಾಕ್ಸ್, ಏರ್‌ಬ್ಯಾಗ್, ಕಂಪ್ಯೂಟರಿನ ದೋಷ ಇವಕ್ಕೆ ಮಾತ್ರ ಆಗಲೂ ಕಂಪನಿಯೇ ಮೇಲು.

ಬಿಲ್ಲು ಓದುವ ವಿದ್ಯೆ

ಕಂಪನಿಯಲ್ಲಾಗಲಿ ಹೊರಗಾಗಲಿ ಕಾರು ಬಿಡುವಾಗ ಜಾಬ್ ಕಾರ್ಡಿಗೆ ಸಹಿ ಹಾಕುತ್ತೇವೆ. ಬಹಳ ಜನ ಅದನ್ನು ಓದುವುದಿಲ್ಲ. ಪುಸ್ತಕದಲ್ಲಿ ಆ ವರ್ಷಕ್ಕೆ ಹೇಳಿದ ಕೆಲಸ ಯಾವುದು, ಅವರು ತಾವಾಗಿ ಸೇರಿಸಿದ್ದು ಯಾವುದು ಎಂದು ಪಕ್ಕಪಕ್ಕ ಇಟ್ಟು ನೋಡಬೇಕು. ಎಂಜಿನ್ ಫ್ಲಶ್, ಒಳಗಿನ ಸುಗಂಧ ಶುದ್ಧಿ, ಅಡಿಗೆ ಬಳಿಯುವ ಲೇಪನ ಮುಂತಾದವು ಹೆಚ್ಚಾಗಿ ಪುಸ್ತಕದಲ್ಲಿಲ್ಲದವು. ಬೇಡವೆನ್ನಲು ನಮಗೆ ಪೂರ್ಣ ಸ್ವಾತಂತ್ರ್ಯವಿದೆ. ತೆಗೆದ ಹಳೆಯ ಭಾಗಗಳನ್ನು ತೋರಿಸಲು ಹೇಳಬೇಕು. ಕೇಳುವುದು ಅವಮಾನವಲ್ಲ.

ಅಗ್ಗದ ನಕಲಿ ಭಾಗ ಮತ್ತು ಬಿಲ್ಲಿಲ್ಲದ ವ್ಯವಹಾರದ ಬಗ್ಗೆ ನಮ್ಮ ಶಾಸ್ತ್ರ ಹಿಂದೆಯೇ ಎಚ್ಚರಿಸಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಒಂದು, ಅಂದರೆ ಅಸಲಿಯ ಜಾಗದಲ್ಲಿ ನಕಲಿ ನಡೆಸುವುದು. ರಾಜ್ಯದ ನಿಯಮ ಮೀರುವುದು ಇನ್ನೊಂದು. 'ಬಿಲ್ ಬೇಡವೆಂದರೆ ಜಿಎಸ್‌ಟಿ 18 ಪರ್ಸೆಂಟ್ ಉಳಿಯುತ್ತದೆ' ಎನ್ನುವವನ ಬಳಿ ತೆರಿಗೆಯ ಜೊತೆ ಗ್ಯಾರಂಟಿಯೂ ಹೋಗುತ್ತದೆ. ನಕಲಿ ಬ್ರೇಕ್ ಪ್ಯಾಡಿನ ಬೆಲೆ ಪ್ರಾಣದಲ್ಲಿ ಕಟ್ಟಬೇಕಾದೀತು.

ಅಹಿಂಸೆಯ ಕಣ್ಣಿನಿಂದ

ಮನೆಯಲ್ಲೇ ಆಯಿಲ್ ಬದಲಿಸುವವರು ಒಂದು ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು: ಕಪ್ಪು ಆಯಿಲ್ ಎಲ್ಲಿಗೆ ಹೋಗುತ್ತದೆ? ದೊಡ್ಡ ಎಂಜಿನ್ನಿನಿಂದ ಒಮ್ಮೆಗೆ ಆರೇಳು ಲೀಟರ್ ಬರುತ್ತದೆ. ಚರಂಡಿಗೆ ಸುರಿದರೆ ಕಾಲುವೆ, ತೋಟದ ಮಣ್ಣಿಗೆ ಸುರಿದರೆ ಬಾವಿ. ಎರಡರಲ್ಲೂ ಲೆಕ್ಕವಿಲ್ಲದಷ್ಟು ಜೀವಹಿಂಸೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅದು ಅನುಮತಿ ಪಡೆದ ಮರುಬಳಕೆದಾರರಿಗೇ ಸೇರಬೇಕು. ಗ್ಯಾರೇಜಿಗೆ ಕೊಟ್ಟು, ಅವರು ಯಾರಿಗೆ ಕೊಡುತ್ತಾರೆಂದು ಕೇಳಬೇಕು. ಈ ಒಂದು ಕಾರಣಕ್ಕೇ ಶ್ರಾವಕರ ಮನೆಯ ಅಂಗಳದಲ್ಲಿ ಆಯಿಲ್ ಬದಲಿಸುವುದು ಬೇಡ ಎನ್ನುತ್ತೇವೆ. ಹಳೆಯ ಬ್ಯಾಟರಿಯನ್ನು ಗುಜರಿಯವನಿಗೆ ಕೊಡದೆ ಹೊಸದು ಕೊಟ್ಟ ಅಂಗಡಿಗೇ ಮರಳಿಸಬೇಕು.

ಚಾತುರ್ಮಾಸದಲ್ಲಿ ಪ್ರಯಾಣ ಮಿತಗೊಳಿಸುವ ಮನೆಗಳಲ್ಲಿ ಕಾರು ದಿನಗಟ್ಟಲೆ ನಿಲ್ಲುತ್ತದೆ. ತೋಟದ ಬದಿಯಲ್ಲಿ ನಿಂತ ಕಾರಿಗೆ ಇಲಿ ಸೇರಿ ತಂತಿ ಕಡಿಯುವುದುಂಟು. ವಿಷ, ಅಂಟಿನ ಹಲಗೆ ನಮಗೆ ಸಲ್ಲದು. ಧಾನ್ಯದ ಚೀಲಗಳಿಂದ ದೂರ, ಬೆಳಕಿರುವ ಜಾಗದಲ್ಲಿ ನಿಲ್ಲಿಸಿ, ಬಾನೆಟ್ಟನ್ನು ಎರಡು ದಿನಕ್ಕೊಮ್ಮೆ ತೆರೆದು ನೋಡಿ, ತೆರವುಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದರೆ ಕಾಟ ಬಹಳ ತಗ್ಗುತ್ತದೆ. ಹೊಸದಾಗಿ ಕೊಳ್ಳುವವರು ಸೀಟಿನ ವಿಷಯ ಮೊದಲೇ ಕೇಳಿಕೊಳ್ಳಲಿ. ತೊಗಲಿನ ಬದಲು ಕೃತಕ ಹೊದಿಕೆಯ ಸೀಟು ಬೆಂಜ್, ಬಿಎಂಡಬ್ಲ್ಯು ಎರಡರಲ್ಲೂ ಹಲವು ಮಾದರಿಗಳಿಗೆ ಸಿಗುತ್ತದೆ.

ಹಳೆಯ ದೊಡ್ಡ ಕಾರು ಕೊಳ್ಳುವ ಮುನ್ನ

ಎಂಟು ಹತ್ತು ವರ್ಷದ ದೊಡ್ಡ ಕಾರು ಹೊಸ ಸಣ್ಣ ಕಾರಿನ ಬೆಲೆಗೆ ಸಿಗುವುದನ್ನು ನೋಡಿ ನಮ್ಮ ತರುಣರು ಆಸೆಪಡುತ್ತಾರೆ. ಕಾರಿನ ಬೆಲೆ ಇಳಿಯಿತೇ ಹೊರತು ಅದರ ಬಿಡಿಭಾಗದ ಬೆಲೆ ಇಳಿದಿಲ್ಲ. ಅದು ಈಗಲೂ ದೊಡ್ಡ ಕಾರಿನದೇ. ಹಿಂದಿನ ಸರ್ವಿಸ್ ಬಿಲ್ಲುಗಳನ್ನು ತೋರಿಸಲಾಗದವನಿಂದ ಕೊಳ್ಳಬಾರದು. ವರ್ಷದ ಸರ್ವಿಸಿಗೆ, ಟಯರಿಗೆ, ಅನಿರೀಕ್ಷಿತ ದುರಸ್ತಿಗೆ ಬೇರೆಯಾಗಿ ಹಣ ತೆಗೆದಿಡಲಾಗದಿದ್ದರೆ ಆ ಕಾರು ನಮಗಲ್ಲ ಎಂದು ತಿಳಿಯಬೇಕು. ಪರಿಗ್ರಹ ಪರಿಮಾಣವೆಂಬುದು ಬರೀ ಬಸದಿಯಲ್ಲಿ ಕೇಳಿ ಮರೆಯುವ ಮಾತಲ್ಲ.

ಕೊನೆಯದಾಗಿ ಒಂದು ಸಣ್ಣ ಸಲಹೆ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡು ಕಾರಿನ ಹೆಸರಿನಲ್ಲಿ ಖಾತೆ ತೆರೆಯಿರಿ. ದಿನಾಂಕ, ಓಡಿದ ಕಿಲೋಮೀಟರ್, ಮಾಡಿದ ಕೆಲಸ, ಹಾಕಿದ ಆಯಿಲ್‌ನ ಸಂಖ್ಯೆ, ಕೊಟ್ಟ ಹಣ, ಮುಂದಿನ ಬಾಕಿ ಎಂದು ಆರು ಕಾಲಂ ಸಾಕು. ಬ್ರೇಕ್ ಆಯಿಲ್‌ಗೆ ಮೊದಲ ಪುಟದಲ್ಲೇ ಒಂದು ಸಾಲು ಇರಲಿ. ಕೆಲಸ ಕಂಪನಿ ಮಾಡಲಿ, ಗ್ಯಾರೇಜು ಮಾಡಲಿ, ಮಗ ಮಾಡಲಿ. ಲೆಕ್ಕ ಮಾತ್ರ ಯಜಮಾನನದೇ ಆಗಿರಲಿ.